ಲಕ್ಷ್ಮೀಶನ ಪುರಗಳಲ್ಲಿ ವಾಸಯೋಗ್ಯವಾದುದಾವುದು?

ಶ್ರಾವಣದಲ್ಲಿ ಜೈಮಿನಿ ಭಾರತವನ್ನು ಓದಿಸಿ ಕೇಳಿದ ಅಥಣಿ-ಚಿಕ್ಕೋಡಿ ಸೀಮೆಯ ಮನೆಗಳವರಿಗೆ ಯಜ್ಞಾಶ್ವವು ತಿರುಗಿದ ಪಟ್ಟಣಗಳು ನೆಂಟರ ಊರುಗಳಷ್ಟೇ ಪರಿಚಿತವಾದವು. ಅವುಗಳಲ್ಲೊಂದರಲ್ಲಿ ಮನೆ ಹೂಡಬೇಕಾದರೆ ಯಾವುದನ್ನು ಆರಿಸಬೇಕು? ಪುರವರ್ಣನೆಯನ್ನು ನಂಬಿದರೆ ನಿರ್ಣಯವಾಗದು. ಅಷ್ಟಾದಶವರ್ಣನೆಗಳ ಸಂಪ್ರದಾಯಕ್ಕೆ ಕಟ್ಟುಬಿದ್ದ ಕವಿಗಳು ಕೋಟೆ, ಕೊಳ, ಉಪ್ಪರಿಗೆಗಳನ್ನು ಊರೂರಿಗೂ ಧಾರಾಳವಾಗಿ ಹಂಚುವರು. ಅಲ್ಲಿ ನಡೆದುದನ್ನೇ ನೋಡತಕ್ಕದ್ದು.

ಮಾಹಿಷ್ಮತಿಯಲ್ಲಿ ಅಗ್ನಿಯೂ ಸಾರಸ್ವತಪುರದಲ್ಲಿ ಯಮನೂ ಅರಸರ ಅಳಿಯಂದಿರು. ಅಂಥ ಅಳಿಯನ ಓಣಿಯಲ್ಲಿ ಮನೆ ಹಿಡಿಯುವ ಧೈರ್ಯ ನನಗಿಲ್ಲ. ಚಂಪಕಾಪುರದ ಪ್ರಜೆಗಳು ಏಕಪತ್ನೀವ್ರತಸ್ಥರು, ಅರಸನು ಹರಿಭಕ್ತ. ಬಹುಜನರು ಇದನ್ನೇ ಮೆಚ್ಚುವರು. ಆದರೆ ಪತ್ನಿಯ ಮಾತಿಗೆ ನಿಂತು ಯುದ್ಧಕ್ಕೆ ತಡವಾಗಿ ಬಂದ ಸುಧನ್ವನನ್ನು ತಂದೆಯೇ ಕಾದೆಣ್ಣೆಯ ಕೊಪ್ಪರಿಗೆಗೆ ಹಾಕಿಸಿದುದೂ ಅಲ್ಲಿಯೇ. ಅವನುಳಿದುದು ಹರಿಕೃಪೆಯಿಂದ, ಊರವರ ಕರುಣೆಯಿಂದಲ್ಲ.

ನನ್ನ ಆಯ್ಕೆ ಕುಂತಳನಗರ. ದುಷ್ಟಬುದ್ಧಿಯು ಮಂತ್ರಿಯಾಗಿರುವ ಊರನ್ನು ಯಾರು ಬಯಸಿಯಾರು ಎಂದು ವಾಚಕರು ನಗಬಹುದು. ಕೇರಳದರಸನು ಅಳಿದ ಮೇಲೆ ದಾದಿಯು ಕೂಸನ್ನೆತ್ತಿಕೊಂಡು ಬಂದು ಸೇರಿದುದು ಈ ಊರನ್ನು. ಅವಳೂ ತೀರಿಕೊಳ್ಳಲು, ಕುಲಗೋತ್ರವರಿಯದ ಆ ಚಂದ್ರಹಾಸನಿಗೆ ಉಣಿಸಿ ಉಡಿಸಿದವರು ಬೀದಿಯ ಹೆಂಗಸರು. ಮಂತ್ರಿಯು ಕಳುಹಿದ ಕಟುಕರೂ ಕೊಲ್ಲಲಾರದೆ ಕಾಲಿನ ಆರನೆಯ ಬೆರಳನ್ನು ಮಾತ್ರ ಕೊಯ್ದು ಹೋದರು. 34 ಸಂಧಿಗಳ ಈ ಕಾವ್ಯದಲ್ಲಿ ಅರಸರ ಔದಾರ್ಯಕ್ಕೆ ಕೊರತೆಯಿಲ್ಲ. ಹೆಸರಿಲ್ಲದವರು ತಾವಾಗಿ ಕನಿಕರಿಸಿದುದನ್ನು ಇಲ್ಲಿಯಷ್ಟು ಬೇರೆಡೆ ಕಾಣೆ. 2019ರಲ್ಲಿ ಕೃಷ್ಣೆಯು ಉಕ್ಕಿ ಕಾಗವಾಡ, ರಾಯಬಾಗ ಭಾಗದ ಜನರು ಮನೆ ಬಿಟ್ಟು ನಡೆದಾಗ ಅವರಿಗೆ ಬೇಕಾಗಿದ್ದುದು ಉಪ್ಪರಿಗೆಯಲ್ಲ, ಅಂಥದೊಂದು ಬೀದಿ.

ನನಗೂ ಮನೆ ಅಲ್ಲಿಯೇ ಇರಲಿ. ಮಂತ್ರಿಯ ಮಹಲು ತುಸು ದೂರವಿದ್ದರಾಯಿತು.