ತಲೆಬರಹ ಬರೆಯುವವರು

2023ರ ಕೊನೆಯಲ್ಲಿ ಮಂಡ್ಯ ಜಿಲ್ಲೆಯ ಒಂದು ಆಲೆಮನೆ ನಾಡಿನ ಪತ್ರಿಕೆಗಳ ಮುಖಪುಟಕ್ಕೆ ಬಂತು. ಬೆಲ್ಲ ಕಾಯಿಸುವ ಜಾಗದಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು, ಹೊಟ್ಟೆಯಲ್ಲಿರೋದು ಗಂಡೋ ಹೆಣ್ಣೋ ಅಂತ ನೋಡಿ, ಹೆಣ್ಣಾದರೆ ತೆಗೆಸುವ ದಂಧೆ ನಡೆದಿತ್ತೆಂದು ಬೆಂಗಳೂರಿನ ಪೊಲೀಸರು ಹೇಳಿದರು. ವೈದ್ಯರೂ ಸೇರಿ ಹಲವರನ್ನು ಬಂಧಿಸಿದರು. ತನಿಖೆ ಸಿಐಡಿಗೆ ಹೋಯಿತು. ಹೆಣ್ಣು ಅನ್ನೋ ಒಂದೇ ಕಾರಣಕ್ಕೆ ಹುಟ್ಟದಂತೆ ಮಾಡೋದು ಗಂಡಾಳಿಕೆಯ ಕಟ್ಟಕಡೆಯ ಕ್ರೌರ್ಯ. ಅದರ ಬಗ್ಗೆ ನಮ್ಮಲ್ಲಿ ಎರಡು ಮಾತಿಲ್ಲ. ನಮ್ಮ ತಕರಾರು ಇರೋದು ಆ ಸುದ್ದಿಯ ಮೇಲೆ ದಪ್ಪಕ್ಷರದಲ್ಲಿ ಕೂತ ಶಬ್ದದ ಬಗ್ಗೆ. ಭ್ರೂಣಹತ್ಯೆ.

ತಲೆಬರಹ ಅನ್ನೋ ಮಾತಿಗೆ ಕನ್ನಡದಲ್ಲಿ ಎರಡು ಅರ್ಥ. ಪತ್ರಿಕೆಯವರಿಗೆ ಅದು ಸುದ್ದಿಯ ಶಿರೋನಾಮೆ. ನಮ್ಮ ಜನಕ್ಕೆ ಅದು ಹಣೆಬರಹ. ಈ ಒಂದು ಶಬ್ದದ ಮಟ್ಟಿಗೆ ಎರಡೂ ಒಂದೇ ಆಗಿಹೋಗಿದೆ.

ಈ ದೇಶದಲ್ಲಿ ಎರಡು ಬೇರೆ ಬೇರೆ ಕಾನೂನುಗಳಿವೆ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ ಕೆಲವು ಷರತ್ತುಗಳ ಒಳಗೆ ಗರ್ಭ ತೆಗೆಸಿಕೊಳ್ಳಲು ಅವಕಾಶ ಕೊಡುತ್ತದೆ. 1994ರ ಕಾಯ್ದೆ ಭ್ರೂಣದ ಲಿಂಗ ಪತ್ತೆ ಮಾಡೋದನ್ನು ಅಪರಾಧ ಅನ್ನುತ್ತದೆ. ಒಂದು ಬಾಗಿಲು, ಇನ್ನೊಂದು ಬೇಲಿ. ಪತ್ರಿಕೆಗಳು ಎರಡನ್ನೂ ಒಂದೇ ಶಬ್ದದ ಗೋಣಿಚೀಲಕ್ಕೆ ತುಂಬಿ ಬಾಯಿ ಹೊಲಿದುಬಿಟ್ಟಿವೆ. ಆಸ್ಪತ್ರೆ ಗೋಡೆಗಳ ಮೇಲೂ ಅದೇ ಬರಹ: ಭ್ರೂಣಹತ್ಯೆ ಮಹಾಪಾಪ. ಮೂರು ಮಕ್ಕಳ ತಾಯಿ, ಕೂಲಿಯವಳು, ನಾಲ್ಕನೆಯದು ಬೇಡವ್ವ ಅಂತ ಬಂದವಳು ಆ ಗೋಡೆ ನೋಡ್ತಾಳೆ. ಓದಲು ಬಾರದಿದ್ದರೆ ಓದಿ ಹೇಳೋರು ಇದ್ದೇ ಇರ್ತಾರೆ. ಅವಳು ಗಂಡೋ ಹೆಣ್ಣೋ ಅಂತ ಕೇಳಿದವಳಲ್ಲ. ಕಾನೂನಿನಲ್ಲಿ ಅವಳಿಗೆ ಬಾಗಿಲಿದೆ. ಆದರೂ ಒಳಗೆ ಕಾಲಿಡುವ ಮೊದಲೇ ಗೋಡೆ ಅವಳನ್ನು ಕೊಲೆಗಾತಿ ಮಾಡುತ್ತೆ.

ಈ ಶಬ್ದ ಎಲ್ಲಿಂದ ಬಂತು? ಧರ್ಮಸೂತ್ರಗಳಿಂದ ಬಂತು. ವಸಿಷ್ಠ ಧರ್ಮಸೂತ್ರದ ಪ್ರಕಾರ ಬ್ರಾಹ್ಮಣನನ್ನು ಕೊಂದವನು ಭ್ರೂಣಹಂತಕ. ಗಂಡೋ ಹೆಣ್ಣೋ ತಿಳಿಯದ ಗರ್ಭವನ್ನು ನಾಶ ಮಾಡಿದವನೂ ಭ್ರೂಣಹಂತಕ. ತಿಳಿಯದ ಗರ್ಭವೇ ಯಾಕೆ? ಅಂಥದ್ದು ಗಂಡಾಗುತ್ತದೆ ಅನ್ನೋದು ಆ ಸೂತ್ರವೇ ಕೊಡುವ ಕಾರಣ. ಮನು ಕೂಡ ಲಿಂಗ ತಿಳಿಯದ ಗರ್ಭದ ನಾಶಕ್ಕೆ ಬ್ರಹ್ಮಹತ್ಯೆಯ ಪ್ರಾಯಶ್ಚಿತ್ತವನ್ನೇ ವಿಧಿಸುತ್ತಾನೆ. ಬ್ರಾಹ್ಮಣನ ಜೀವ ಮತ್ತು ಗಂಡಾಗಬಹುದಾದ ಗರ್ಭ, ಈ ಎರಡನ್ನು ಕಾಯಲು ಹುಟ್ಟಿದ ಶಬ್ದ ಇದು. ಇದನ್ನು ಹಿಡಿದುಕೊಂಡು ಹೆಣ್ಣು ಕೂಸನ್ನು ಉಳಿಸ್ತೀವಿ ಅಂತ ಹೊರಟಿದ್ದಾರೆ. ಪುರೋಹಿತನ ನಾಲಿಗೆಯನ್ನು ಸಂಪಾದಕನ ಬಾಯಿಗೆ ಕಸಿ ಮಾಡಿದ ಹಾಗಿದೆ.

ನಮ್ಮ ಕೇರಿಗಳಲ್ಲಿ ಹೆಂಗಸರು ಏನಂತಾರೆ ಕೇಳಿ. ದಿನ ನಿಂತಿತ್ತು, ತೆಗೆಸಿದೆ ಅಂತಾರೆ. ಹೊಟ್ಟೆ ತೊಳೆಸಿಕೊಂಡು ಬಂದ್ಲು ಅಂತಾರೆ. ಈ ಮಾತುಗಳಲ್ಲಿ ನೋವಿದೆ, ಗುಟ್ಟಿದೆ, ಹೆದರಿಕೆಯೂ ಇದೆ. ಹತ್ಯೆ ಇಲ್ಲ. ಈ ವಾಕ್ಯಗಳಲ್ಲಿ ತೀರ್ಮಾನ ಮಾಡಿದವಳು, ಕೆಲಸ ಮಾಡಿಸಿದವಳು ಹೆಣ್ಣು. ಪತ್ರಿಕೆಯ ವಾಕ್ಯದಲ್ಲಿ ಅವಳು ಆರೋಪಿ, ಇಲ್ಲವೇ ಪತ್ತೆಯೇ ಇಲ್ಲ.

ಪತ್ರಿಕೆಗಳ ಈ ಚಾಳಿ ಹಳೆಯದು. 1881ರಲ್ಲಿ ಸೂರತ್‌ನಲ್ಲಿ ವಿಜಯಲಕ್ಷ್ಮಿ ಎಂಬ ಬ್ರಾಹ್ಮಣ ವಿಧವೆಗೆ, ಹುಟ್ಟಿದ ಕೂಸನ್ನು ಕೊಂದಳೆಂದು ನೇಣು ಶಿಕ್ಷೆಯಾಯಿತು. ಮೇಲ್ಮನವಿಯಲ್ಲಿ ಶಿಕ್ಷೆ ಇಳಿಯಿತು. ವಿಧವೆಗೆ ಮರುಮದುವೆ ಇಲ್ಲ ಅಂದ ಧರ್ಮವನ್ನು ಬಿಟ್ಟು, ಅವಳನ್ನು ಬಸಿರು ಮಾಡಿದ ಗಂಡಸನ್ನು ಬಿಟ್ಟು, ಸಂಪ್ರದಾಯಸ್ಥ ಪತ್ರಿಕೆಗಳು ಇಡೀ ಹೆಣ್ಣುಕುಲದ ನಡತೆಯ ಮೇಲೆ ಹರಿಹಾಯ್ದವು. ಅದಕ್ಕೆ ಉತ್ತರವಾಗಿ 1882ರಲ್ಲಿ ಬುಲ್ಢಾಣದ ತಾರಾಬಾಯಿ ಶಿಂಧೆ ಮರಾಠಿಯಲ್ಲಿ 'ಸ್ತ್ರೀ ಪುರುಷ ತುಲನಾ' ಬರೆದರು. ಸತ್ಯಶೋಧಕ ಬಳಗದ ಹೆಣ್ಣುಮಗಳು ಆಕೆ. ಹೆಂಗಸಿನ ಮೇಲೆ ಹೊರಿಸಿದ ಒಂದೊಂದೇ ದೋಷವನ್ನೂ ಎತ್ತಿಕೊಂಡು, ಇದು ನಿಮ್ಮಲ್ಲಿಲ್ಲವೇ ಅಂತ ಗಂಡಸರನ್ನು ಕೇಳಿದರು. ಬೈಗುಳ ಬಂತು. ಜೋತಿಬಾ ಫುಲೆ ಆಕೆಯ ಪರ ನಿಂತರು. ಅದಕ್ಕೂ ಎಷ್ಟೋ ಮೊದಲು, 1863ರಲ್ಲಿ, ಫುಲೆ ದಂಪತಿ ಪುಣೆಯಲ್ಲಿ ಇಂಥ ವಿಧವೆಯರು ಗುಟ್ಟಾಗಿ ಹೆತ್ತು ಹೋಗಲೆಂದು ಮನೆ ತೆರೆದಿದ್ದರು. ಶಾಪ ಹಾಕುವ ಕೆಲಸ ಪತ್ರಿಕೆಯವರು ಮಾಡಿದರು. ಬಾಗಿಲು ತೆರೆಯುವ ಕೆಲಸ ಶೂದ್ರರು ಮಾಡಿದರು.

ಇನ್ನು ಕಾನೂನನ್ನೇ ಓದೋಣ. ಕವಿತೆ ಓದುವ ಹಾಗೆ ಓದೋಣ. ವಾಕ್ಯದ ಕರ್ತೃ ಯಾರು, ಕರ್ಮ ಯಾವುದು ನೋಡೋಣ. 1860ರ ದಂಡಸಂಹಿತೆಯ 312ನೆಯ ಕಲಮು ಗರ್ಭಪಾತ ಮಾಡಿದವರಿಗೆ ಶಿಕ್ಷೆ ಹೇಳಿತು. ತಾನೇ ಮಾಡಿಕೊಂಡ ಹೆಣ್ಣನ್ನೂ ಅದರಲ್ಲಿ ಸೇರಿಸಿತು. ಬ್ರಿಟಿಷರ ಆ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 88ನೆಯ ಕಲಮಾಗಿ ಕೂತಿದೆ. ಹೆಸರು ದೇಸಿಯಾಯಿತು, ಶಿಕ್ಷೆ ಹಾಗೇ ಉಳಿಯಿತು. 1971ರ ಕಾಯ್ದೆ ಮಾಡಿದ್ದೇನು? ಷರತ್ತು ಪಾಲಿಸಿದ ವೈದ್ಯ ಆ ಕಲಮಿನ ಕೆಳಗೆ ಅಪರಾಧಿಯಲ್ಲ ಅಂದಿತು. ಅದರ ಮುಖ್ಯ ವಾಕ್ಯದ ಕರ್ತೃ ನೋಂದಾಯಿತ ವೈದ್ಯ, ಕರ್ಮ ಗರ್ಭ. ಹೆಣ್ಣು ಬರೋದು ಕೆಳಗೆ, ಸಮ್ಮತಿ ಕೊಡುವ ಜಾಗದಲ್ಲಿ. ಮಸೂದೆ ಮಂಡಿಸುವಾಗ ಸರ್ಕಾರ ಹೇಳಿದ ಕಾರಣಗಳು ಮೂರು: ಆರೋಗ್ಯ, ಮಾನವೀಯತೆ, ಸುಜನನ. ಸುಜನನ ಅಂದರೆ ಒಳ್ಳೇ ತಳಿಯ ಮಕ್ಕಳು ಹುಟ್ಟಲಿ ಅನ್ನೋ ಲೆಕ್ಕ. ತಳಿಯ ಲೆಕ್ಕ ಅಂದರೇನೆಂದು ಜಾತಿಯ ದೇಶದಲ್ಲಿ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅವಳ ಹಕ್ಕು ಅನ್ನೋ ನಾಲ್ಕನೆಯ ಕಾರಣ ಅಲ್ಲಿ ಇರಲೇ ಇಲ್ಲ. ಗರ್ಭನಿರೋಧಕ ಕೈಕೊಟ್ಟರೆ ಅನ್ನೋ ಅವಕಾಶವೂ ಮದುವೆಯಾದವಳಿಗೆ ಮಾತ್ರ ಇತ್ತು. 'ಗಂಡ' ಹೋಗಿ 'ಸಂಗಾತಿ' ಬರಲು 2021ರ ತಿದ್ದುಪಡಿಯವರೆಗೆ ಐವತ್ತು ವರ್ಷ ಬೇಕಾಯಿತು.

2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟು, 24 ವಾರದವರೆಗಿನ ಅವಕಾಶ ಮದುವೆಯಾಗದವಳಿಗೂ ಉಂಟು ಅಂದಿತು. ಐತಿಹಾಸಿಕ ತೀರ್ಪು ಅಂತ ಪತ್ರಿಕೆಗಳು ಬರೆದವು. ಒಂದು ವರ್ಷ ಕಳೆಯಿತು. 2023ರ ಅಕ್ಟೋಬರ್‌ನಲ್ಲಿ ಇಬ್ಬರು ಮಕ್ಕಳ ತಾಯಿಯೊಬ್ಬಳು 26 ವಾರದ ಗರ್ಭ ತೆಗೆಸಲು ಅದೇ ಕೋರ್ಟಿನ ಮುಂದೆ ನಿಂತಳು. ಎದೆಹಾಲು ಕುಡಿಸ್ತಿದ್ದೆ, ಬಸಿರು ಅಂತ ಗೊತ್ತಾಗಲಿಲ್ಲ. ಬಾಣಂತನದ ನಂತರ ಬಂದ ಮನಸ್ಸಿನ ಕಾಯಿಲೆಗೆ ಔಷಧಿ ನಡೀತಿದೆ. ಇನ್ನೊಂದನ್ನು ಸಾಕುವ ಶಕ್ತಿ ಇಲ್ಲ ಅನ್ನೋದು ಅವಳ ಅಹವಾಲು. ಮೊದಲು ಒಪ್ಪಿಗೆ ಸಿಕ್ಕಿತು. ಆಮೇಲೆ ಇಬ್ಬರು ನ್ಯಾಯಮೂರ್ತಿಗಳಲ್ಲಿ ಭಿನ್ನಾಭಿಪ್ರಾಯ ಬಂತು. ಕರ್ನಾಟಕದವರಾದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವಳ ತೀರ್ಮಾನಕ್ಕೆ ಬೆಲೆ ಕೊಡಬೇಕು ಅಂದರು. ಅಕ್ಟೋಬರ್ 16ರಂದು ಮೂವರ ಪೀಠ ಆಗದು ಅಂದಿತು. ಆ ದಿನಗಳಲ್ಲಿ ಸುದ್ದಿಯ ತುಂಬ ಕೇಳಿಸಿದ್ದು ಭ್ರೂಣದ ಎದೆಬಡಿತ. ಅವಳ ಎದೆಯ ಬಡಿತ ಎಣಿಸಿದವರು ಕಡಿಮೆ. ಒಂದು ಕಡೆ ಹುಟ್ಟದ ಮಗು, ಇನ್ನೊಂದು ಕಡೆ ತಾಯಿ ಅಂತ ಎರಡು ಪಕ್ಷ ಮಾಡಿ ಚರ್ಚೆಗೆ ಕೂರಿಸಿದರು. ಒಂದೇ ಮೈಯೊಳಗಿನ ಸಂಕಟವನ್ನು ಕುಸ್ತಿಯ ಅಖಾಡ ಮಾಡಿ, ಸುತ್ತ ಕೂತು ಚಪ್ಪಾಳೆ ಹೊಡೆಯುವ ಆಟ ಇದು.

ಕೋರ್ಟಿನವರೆಗೆ ಹೋಗುವವರಾದರೂ ಎಷ್ಟು ಜನ? 2015ರಲ್ಲಿ ಈ ದೇಶದಲ್ಲಿ ಸುಮಾರು 1 ಕೋಟಿ 56 ಲಕ್ಷ ಗರ್ಭಪಾತಗಳಾದವು ಎಂದು ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯ 2018ರ ಅಧ್ಯಯನ ಅಂದಾಜು ಮಾಡಿತು. ಅದರಲ್ಲಿ 100ಕ್ಕೆ 73 ಆದದ್ದು ಆಸ್ಪತ್ರೆಯ ಹೊರಗೆ, ಮಾತ್ರೆ ನುಂಗಿ. ಆಸ್ಪತ್ರೆಗಳಲ್ಲಿ ಆದದ್ದು 22 ಮಾತ್ರ. ಸರಿಯಾದ ವಾರದಲ್ಲಿ, ಸರಿಯಾದ ಅಳತೆಯಲ್ಲಿ ತಗೊಂಡರೆ ಆ ಮಾತ್ರೆಯಲ್ಲಿ ಅಪಾಯ ಕಡಿಮೆ. ಆದರೆ ಹೇಳಿಕೊಡುವವರು ಯಾರು? ಮೆಡಿಕಲ್ ಶಾಪಿನ ಹುಡುಗ. ರಕ್ತ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗೋಕೆ ಅವಳಿಗೆ ಹೆದರಿಕೆ, ಗೋಡೆ ಮೇಲಿನ ಶಬ್ದ ಗೊತ್ತಲ್ಲ. ಕಾಸಿದ್ದವಳು ಪೇಟೆಯ ನರ್ಸಿಂಗ್ ಹೋಮಿಗೆ ಹೋಗಿ ಸಂಜೆಯೊಳಗೆ ಮನೆಗೆ ಬರ್ತಾಳೆ. ಅದು ಸುದ್ದಿಯಲ್ಲ, ಆಗಲೂಬೇಕಾಗಿಲ್ಲ. ಕೂಲಿ ಬಿಟ್ಟರೆ ಗಂಜಿಯಿಲ್ಲದ ನಮ್ಮ ಹೆಣ್ಣುಮಗಳು ಸತ್ತರೆ ಒಳಪುಟದಲ್ಲಿ ಮೂರು ಸಾಲು: ಹೊಟ್ಟೆನೋವು ತಾಳಲಾರದೆ ಸಾವು. ಆ ಹೊಟ್ಟೆನೋವಿನ ಒಳಗೆ ಕಾಯ್ದೆ ಇದೆ, ಜಾತಿ ಇದೆ, ಬಡತನ ಇದೆ. ಅದನ್ನು ಬರೆಯಲು ಮಾತ್ರ ಜಾಗ ಇಲ್ಲ.

1938ರ ನವೆಂಬರ್ 10ರಂದು ಮುಂಬಯಿ ಶಾಸನಸಭೆಯಲ್ಲಿ ಬಾಬಾಸಾಹೇಬರ ಭಾಷಣವೊಂದನ್ನು ಅವರ ಪರವಾಗಿ ಪಿ.ಜೆ. ರೋಹಂ ಓದಿದರು. ವಿಷಯ ಸಂತಾನ ನಿಯಂತ್ರಣ. ಅಲ್ಲಿದ್ದದ್ದು ಗರ್ಭನಿರೋಧದ ಮಾತು, ಗರ್ಭಪಾತದ ಕಾನೂನಿನ ಚರ್ಚೆಯಲ್ಲ. ಆದರೆ ತತ್ವ ನೋಡಿ. ಹೆರಲು ಮನಸ್ಸಿಲ್ಲದ ಹೆಣ್ಣು, ಕಾರಣ ಏನೇ ಇರಲಿ, ಅದನ್ನು ತಡೆಯುವ ಸ್ಥಿತಿಯಲ್ಲಿರಬೇಕು, ಅದು ಪೂರಾ ಅವಳ ಇಚ್ಛೆಗೆ ಬಿಟ್ಟದ್ದು ಅನ್ನೋದು ಆ ಭಾಷಣದ ತಿರುಳು. ಸಭೆ ಠರಾವನ್ನು ಸೋಲಿಸಿತು. ಕಾರಣ ಏನೇ ಇರಲಿ. ಈ ಮೂರು ಶಬ್ದ 1971ರ ಕಾಯ್ದೆಯಲ್ಲಿಲ್ಲ, 2021ರ ತಿದ್ದುಪಡಿಯಲ್ಲೂ ಇಲ್ಲ. ಅಲ್ಲಿರೋದು ಕಾರಣಗಳ ಪಟ್ಟಿ. ಹೆಣ್ಣು ಕಾರಣ ಹೇಳ್ತಾ ನಿಲ್ಲಬೇಕು. ಬಾವಿಕಟ್ಟೆಯಿಂದ ದೂರ ನಿಂತು ಬೊಗಸೆ ಒಡ್ಡಿದ ನಮ್ಮ ಹಿರಿಯರ ಹಾಗೆ. ಹುಯ್ಯೋದು ಬಿಡೋದು ಮೇಲೆ ನಿಂತವನ ಮರ್ಜಿ.

ಹಾಗಂತ ಇರುವ ಕಾನೂನನ್ನು ಕಸ ಅಂತ ನಾವು ಎಸೆಯೋದಿಲ್ಲ. ಅಷ್ಟಾದರೂ ನಮ್ಮ ಹೆಣ್ಣುಮಕ್ಕಳ ಕಿವಿಗೆ ಬೀಳಬೇಕು. 20 ವಾರದೊಳಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಕಾಯ್ದೆಯ ನಿಯಮ ಹೇಳುವ ಕೆಲವು ಸಂದರ್ಭಗಳಲ್ಲಿ, ಇಬ್ಬರು ವೈದ್ಯರು ಒಪ್ಪಿದರೆ, 24 ವಾರದವರೆಗೂ ಅವಕಾಶ ಇದೆ. 18 ತುಂಬಿದವಳು ಮಾನಸಿಕ ರೋಗಿಯಲ್ಲದಿದ್ದರೆ ಅವಳೊಬ್ಬಳ ಸಮ್ಮತಿ ಸಾಕು, ಗಂಡನ ಸಹಿ ತಾ ಅಂತ ಕಾಯ್ದೆ ಎಲ್ಲೂ ಹೇಳಿಲ್ಲ. ಅವಳ ಹೆಸರನ್ನು ಕಾನೂನು ಒಪ್ಪಿದವರಿಗಲ್ಲದೆ ಬೇರೆಯವರಿಗೆ ಬಿಟ್ಟುಕೊಟ್ಟ ವೈದ್ಯರಿಗೆ ಶಿಕ್ಷೆ ಉಂಟು. ಈ ನಾಲ್ಕು ಮಾತು ದಪ್ಪಕ್ಷರದಲ್ಲಿ ಬರಲಿ. ಸಂಘಟನೆಯ ಗೆಳೆಯರು ಕೇರಿ ಕೇರಿಯಲ್ಲಿ ಹೇಳಲಿ, ಬೀದಿನಾಟಕದಲ್ಲಿ ಆಡಿ ತೋರಿಸಲಿ.

ಆಸ್ಪತ್ರೆ ಗೋಡೆಯ ಮೇಲೆ ಲಿಂಗಪತ್ತೆ ಅಪರಾಧ ಅಂತ ಧಾರಾಳವಾಗಿ ಬರೆಯಿರಿ. ಅದರ ಪಕ್ಕದಲ್ಲೇ, ಬೇಡದ ಬಸಿರಿಗೆ ಇಲ್ಲಿ ಕಾನೂನಿನ ದಾರಿ ಇದೆ, ಒಳಗೆ ಬಾರವ್ವ ಅಂತಲೂ ಬರೆಯಿರಿ. ಮಹಾಪಾಪ ಅನ್ನೋದನ್ನು ಸುಣ್ಣ ಬಳಿದು ಅಳಿಸಿ. ಆ ಪಾಪಪುಣ್ಯದ ಲೆಕ್ಕ ಬರೆದವರು ನಮ್ಮ ನೆರಳನ್ನೂ ಪಾಪ ಅಂದವರು.