ತೆರೆಯ ಮೇಲಿನ ಕಾಲಕ್ಕೆ ಯಾವ ಗಡಿಯಾರ?

ವಿಜ್ಞಾನ ಬೋಧನೆಗೆ ಒದಗುವ ವೀಡಿಯೊಗಳು ಅಂತರಜಾಲದಲ್ಲಿ ಈಗ ಲೆಕ್ಕವಿಲ್ಲದಷ್ಟು ಸಿಗುತ್ತವೆ. ಅವುಗಳಲ್ಲಿ ಯಾವುದನ್ನು ತರಗತಿಗೆ ತರಬೇಕು ಎಂಬುದೇ ಸಮಸ್ಯೆ. ನನಗೆ ಮೆಚ್ಚುಗೆಯಾದ ಕೆಲವನ್ನು ಇಲ್ಲಿ ಪರಿಶೀಲಿಸಿದ್ದೇನೆ. ವಿಷಯಗಳು ಒಂದಕ್ಕೊಂದು ಸಂಬಂಧವಿಲ್ಲದವು. ಆದರೆ ನೋಡುವಾಗ ಕೇಳಿಕೊಂಡ ಮುಖ್ಯ ಪ್ರಶ್ನೆ ಒಂದೇ: ತೆರೆಯ ಮೇಲೆ ಒಂದು ಸೆಕೆಂಡು ಕಳೆದಾಗ ನಿಜವಾಗಿ ಎಷ್ಟು ಕಾಲ ಕಳೆದಿರುತ್ತದೆ?

ಮೊದಲನೆಯದು ಚಂದ್ರನ ಮೇಲೆ ತೆಗೆದದ್ದು. 1971ರ ಆಗಸ್ಟ್ 2ರಂದು ಅಪೊಲೊ-15ರ ನಾಯಕ ಡೇವಿಡ್ ಸ್ಕಾಟ್ ಒಂದು ಕೈಯಲ್ಲಿ ಸುಮಾರು 1.3 ಕಿಲೋಗ್ರಾಂ ರಾಶಿಯ ಸುತ್ತಿಗೆಯನ್ನೂ ಇನ್ನೊಂದರಲ್ಲಿ ಡೇಗೆಯ ಗರಿಯನ್ನೂ ಹಿಡಿದು ಒಟ್ಟಿಗೆ ಕೈಬಿಟ್ಟರು. ಎರಡೂ ಒಟ್ಟಿಗೆ ನೆಲ ಮುಟ್ಟಿದವು. ಚಿತ್ರ ಮಸುಕು, ಗರಿ ಕಣ್ಣಿಗೆ ಬೀಳುವುದೇ ಕಷ್ಟ. ಆದರೂ ಇದೇ ನನ್ನ ಮೊದಲ ಆಯ್ಕೆ. ಟೆಲಿವಿಷನ್ ಕ್ಯಾಮೆರಾ ಕಳಿಸಿದ ನೇರ ದೃಶ್ಯವಾದ್ದರಿಂದ ಇಲ್ಲಿಯ ಕಾಲ ನಿಜವಾದ ಕಾಲ. ಬಿದ್ದ ಎತ್ತರ ಸುಮಾರು 1.6 ಮೀಟರ್. ವಿದ್ಯಾರ್ಥಿಗಳಿಂದ ಬೀಳುವ ಅವಧಿಯನ್ನು ಅಳೆಯಿಸಿ. ಬೆರಳಿನ ಗಡಿಬಿಡಿಯಿಂದ ತಪ್ಪಾಗುವುದು ಸಹಜ, ಹತ್ತಾರು ಅಳತೆಗಳ ಸರಾಸರಿ ತೆಗೆಯಿರಿ. 1.4 ಸೆಕೆಂಡಿನ ಆಸುಪಾಸು ಬರಬೇಕು. ಎತ್ತರದ ಎರಡರಷ್ಟನ್ನು ಕಾಲದ ವರ್ಗದಿಂದ ಭಾಗಿಸಿದರೆ ಚಂದ್ರನ ಗುರುತ್ವ ವೇಗೋತ್ಕರ್ಷ ಕೈಗೆ ಸಿಕ್ಕಿತು! ಅದೇ ಎತ್ತರದಿಂದ ಭೂಮಿಯ ಮೇಲೆ ಬೀಳಲು 0.57 ಸೆಕೆಂಡು ಸಾಕು.

2014ರಲ್ಲಿ ಬಿಬಿಸಿಗಾಗಿ ಬ್ರಯನ್ ಕಾಕ್ಸ್ ಅಮೆರಿಕದ ಓಹಾಯೊದಲ್ಲಿರುವ ನಾಸಾದ ಬೃಹತ್ ನಿರ್ವಾತ ಕೋಣೆಯಲ್ಲಿ ಇದೇ ಪ್ರಯೋಗವನ್ನು ಬೌಲಿಂಗ್ ಚೆಂಡು ಮತ್ತು ಗರಿಗಳಿಂದ ಮಾಡಿ ತೋರಿಸಿದರು. ಗರಿಯ ಒಂದೊಂದು ಎಳೆಯೂ ಕಾಣುತ್ತದೆ. ಆದರೆ ಆ ಸೊಬಗೆಲ್ಲ ನಿಧಾನಗತಿಯಿಂದ ಬಂದದ್ದು. ಎಷ್ಟು ಪಟ್ಟು ನಿಧಾನ ಎಂದು ತಿಳಿಯದೆ ಅದರಿಂದ ಯಾವ ಅಳತೆಯನ್ನೂ ಪಡೆಯಲಾಗದು.

ಇನ್ನು ಟಕೋಮಾ ನ್ಯಾರೋಸ್ ಸೇತುವೆ. ಇದನ್ನು ನೋಡದ ಭೌತವಿಜ್ಞಾನ ಅಧ್ಯಾಪಕರು ಕಡಿಮೆ. ಅಮೆರಿಕದ ವಾಷಿಂಗ್‌ಟನ್ ರಾಜ್ಯದ ಈ ತೂಗುಸೇತುವೆ 1940ರ ಜುಲೈ 1ರಂದು ತೆರೆಯಿತು. ನವೆಂಬರ್ 7ರಂದು ಗಂಟೆಗೆ ಸುಮಾರು 65 ಕಿಲೋಮೀಟರ್ ವೇಗದ ಗಾಳಿಗೆ ಹೊರಳಾಡಿ ಕುಸಿಯಿತು. ಅನುರಣನೆಗೆ ಉದಾಹರಣೆಯಾಗಿ ಇದು ಎಷ್ಟೋ ಪಠ್ಯಪುಸ್ತಕಗಳನ್ನು ಹೊಕ್ಕಿತು. ಗಾಳಿಯ ತಳ್ಳುವಿಕೆಯ ಆವೃತ್ತಿ ಸೇತುವೆಯ ಸಹಜ ಆವೃತ್ತಿಗೆ ಸರಿಹೊಂದಿತು ಎಂಬುದು ಆ ವಿವರಣೆ. ಬಿಲ್ಲಾ ಮತ್ತು ಸ್ಕ್ಯಾನ್ಲನ್ 1991ರಲ್ಲೇ ಇದನ್ನು ಅಲ್ಲಗಳೆದರು. ಆ ವೇಗದ ಗಾಳಿಯಲ್ಲಿ ಸೇತುವೆಯ ಹಿಂದೆ ಸುಳಿಗಳು ಕಳಚಿಕೊಳ್ಳುವುದು ಸೆಕೆಂಡಿಗೆ ಸುಮಾರು ಒಂದು ಸಲ. ಸೇತುವೆ ತಿರುಚಿಕೊಳ್ಳುತ್ತಿದ್ದುದು ಐದು ಸೆಕೆಂಡಿಗೊಮ್ಮೆ. ಎರಡಕ್ಕೂ ತಾಳೆಯಿಲ್ಲ. ಸೇತುವೆ ತಾನು ಹೊರಳಿದಂತೆಲ್ಲ ಗಾಳಿಯ ಒತ್ತಡದ ದಿಕ್ಕು ಬದಲಾಗಿ, ಅದೇ ಮುಂದಿನ ಹೊರಳಾಟಕ್ಕೆ ಬಲ ಕೊಟ್ಟಿತು. ಎಂಜಿನಿಯರುಗಳು ಇದನ್ನು ಫ್ಲಟರ್ ಎನ್ನುತ್ತಾರೆ. ಆಂದೋಲನವನ್ನು ಕುಗ್ಗಿಸಬೇಕಾದ ಗಾಳಿಯೇ ಇಲ್ಲಿ ಅದಕ್ಕೆ ಶಕ್ತಿಯನ್ನು ತುಂಬುತ್ತ ಹೋಗುತ್ತದೆ.

ಇಷ್ಟೇ ಅಲ್ಲ, ಚಿತ್ರದಲ್ಲೇ ಇನ್ನೊಂದು ದೋಷವಿದೆ. ಸೆಕೆಂಡಿಗೆ 16 ಚೌಕಟ್ಟುಗಳಂತೆ ತೆಗೆದ ಫಿಲ್ಮನ್ನು ಮುಂದೆ 24ರಂತೆ ಓಡಿಸಿ ವೀಡಿಯೊಗೆ ವರ್ಗಾಯಿಸಿದ್ದರು. ಇದು 2015ರಲ್ಲಿ ಪ್ರಕಟವಾದ ವಿಶ್ಲೇಷಣೆಯಿಂದ ಸ್ಪಷ್ಟವಾಯಿತು. ನಿಮಿಷಕ್ಕೆ 12 ಸಲ ತಿರುಚುತ್ತಿದ್ದ ಸೇತುವೆ ತೆರೆಯ ಮೇಲೆ 18 ಸಲ ತಿರುಚುತ್ತದೆ. ನಿಮಗೆ ಸಿಕ್ಕಿದ ಪ್ರತಿಯನ್ನು ನೀವೇ ಪರೀಕ್ಷಿಸಿ: ಐದು ಪೂರ್ಣ ಆಂದೋಲನಗಳಿಗೆ 25 ಸೆಕೆಂಡು ಹಿಡಿದರೆ ಸರಿ; 17ಕ್ಕೇ ಮುಗಿದರೆ ಅದು ಓಡಿಸಿದ ಚಿತ್ರ. ಹಿನ್ನೆಲೆ ಸಂಗೀತ ಸೇರಿಸಿದ್ದರೆ ಅದನ್ನು ಮೊದಲು ನಿಲ್ಲಿಸಿ.

ಪಿಚ್ ಹನಿಯ ವಿಷಯದಲ್ಲಾದರೋ ಓಡಿಸದೆ ವಿಧಿಯಿಲ್ಲ. ಡಾಂಬರಿನಂಥ ಈ ಕಪ್ಪು ವಸ್ತು ಸುತ್ತಿಗೆಯ ಪೆಟ್ಟಿಗೆ ಗಾಜಿನಂತೆ ಒಡೆಯುತ್ತದೆ, ಆದರೂ ಹರಿಯುತ್ತದೆ. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಪಾರ್ನೆಲ್ 1927ರಲ್ಲಿ ಆರಂಭಿಸಿದ ಪ್ರಯೋಗದಲ್ಲಿ 2014ರವರೆಗೆ ಕೆಳಗಿಳಿದವು ಒಂಬತ್ತೇ ಹನಿಗಳು. 2000ದಲ್ಲಿ ಎಂಟನೆಯದು ಬೀಳುವ ಹೊತ್ತಿಗೆ ಕ್ಯಾಮೆರಾ ಕೈಕೊಟ್ಟಿತು! ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ಇಂಥದೇ ಪ್ರಯೋಗದಲ್ಲಿ 2013ರ ಜುಲೈಯಲ್ಲಿ ಹನಿ ಬಿದ್ದದ್ದು ಕ್ಯಾಮೆರಾಕ್ಕೆ ಸಿಕ್ಕಿತು. ಸ್ನಿಗ್ಧತೆಯ ಪಾಠದಲ್ಲಿ ಅದನ್ನು ಧಾರಾಳವಾಗಿ ತೋರಿಸಿ. ದಿನಗಳನ್ನು ಸೆಕೆಂಡುಗಳಿಗೆ ಇಳಿಸಿದ್ದಾರೆಂದು ಹೇಳಲು ಮಾತ್ರ ಮರೆಯದಿರಿ.

ಹಾರ್ವರ್ಡ್ ವಿಶ್ವವಿದ್ಯಾಲಯಕ್ಕಾಗಿ 2006ರಲ್ಲಿ ತಯಾರಾದ, ಜೀವಕೋಶದ ಒಳಬಾಳನ್ನು ಕುರಿತ ಅನಿಮೇಷನ್ ಬಗ್ಗೆ ನನಗೆ ಮೆಚ್ಚುಗೆಯೂ ಇದೆ, ತಕರಾರೂ ಇದೆ. ಬಿಳಿ ರಕ್ತಕಣದೊಳಗೆ ಕೈನೆಸಿನ್ ಎಂಬ ಪ್ರೋಟೀನು ಮೂಟೆ ಹೊತ್ತ ಹಮಾಲಿಯಂತೆ ಒಂದೊಂದೇ ಹೆಜ್ಜೆಯಿಟ್ಟು ನಡೆಯುವ ದೃಶ್ಯವನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಹೆಜ್ಜೆಯೊಂದರ ಉದ್ದ 8 ನ್ಯಾನೊಮೀಟರ್. ನಿಜದಲ್ಲಿ ಸೆಕೆಂಡಿಗೆ ನೂರರಷ್ಟು ಹೆಜ್ಜೆ ಇಡಬಲ್ಲದು. ಕಾಲವನ್ನು ಹಿಗ್ಗಿಸಿದ್ದಕ್ಕೆ ನನ್ನ ಆಕ್ಷೇಪವಿಲ್ಲ, ಹಿಗ್ಗಿಸದೆ ಕಾಣದು. ಆಕ್ಷೇಪವಿರುವುದು ಬಿಟ್ಟದ್ದರ ಬಗ್ಗೆ. ಕೋಶದಲ್ಲಿ ನೀರಿನ ಅಣುಗಳು ಸದಾ ಎಲ್ಲ ಕಡೆಯಿಂದಲೂ ಅಪ್ಪಳಿಸುತ್ತಿರುತ್ತವೆ. ಪ್ರೋಟೀನುಗಳು ಜಾತ್ರೆಯ ಜನರಂತೆ ಕಿಕ್ಕಿರಿದಿರುತ್ತವೆ. ಚಿತ್ರದಲ್ಲಾದರೆ ಖಾಲಿ ಬಯಲು. ಅಣುಗಳು ಗುರಿ ಗೊತ್ತಿದ್ದವರಂತೆ ಬಂದು ಕೂಡಿಕೊಳ್ಳುತ್ತವೆ. ಯಾದೃಚ್ಛಿಕ ಅಲೆದಾಟದಲ್ಲಿ ಸಾವಿರ ಸಲ ಡಿಕ್ಕಿಯಾಗಿ ಒಂದು ಸಲ ಹೊಂದಿಕೊಳ್ಳುವುದೆಂಬ ತಿಳಿವಳಿಕೆಗೇ ಇದು ಅಡ್ಡಿ. ಹಾಗಾಗಿ ಮೊದಲು ಸೂಕ್ಷ್ಮದರ್ಶಕದಲ್ಲಿ ನೀರು ಬೆರೆಸಿದ ಹಾಲಿನ ಒಂದು ಹನಿಯನ್ನಿಟ್ಟು, ಕೊಬ್ಬಿನ ಕಣಗಳ ಬ್ರೌನಿಯನ್ ಚಲನೆಯನ್ನು ತೋರಿಸಿ. ಅನಿಮೇಷನ್ ಆಮೇಲೆ.

ಕೊನೆಗೆ ಅರವಿಂದ ಗುಪ್ತ ಅವರ ಕಿರುಚಿತ್ರಗಳು. ಕಸದಿಂದ ಆಟಿಕೆ ಮಾಡುವ ಇವು ಕೆಲವೇ ನಿಮಿಷಗಳವು. ತಾಂತ್ರಿಕ ಬೆಡಗು ಇಲ್ಲ. ನೋಡುತ್ತ ನಡುವೆಯೇ ನಿಲ್ಲಿಸಿ, ಕೈಯಲ್ಲಿ ಮಾಡಿ, ಮತ್ತೆ ಮುಂದುವರಿಸಬಹುದು. ಸೈಕಲ್ ವಾಲ್ವ್ ಟ್ಯೂಬಿನ ತುಂಡುಗಳಿಂದ ಬೆಂಕಿಕಡ್ಡಿಗಳನ್ನು ಜೋಡಿಸುವ ಚಿತ್ರವನ್ನು ಟಕೋಮಾ ಪಾಠದ ಮಗ್ಗುಲಲ್ಲೇ ಇಡಿ. ಕಡ್ಡಿಯ ಚೌಕ ಬೆರಳು ತಾಗಿದರೆ ಓರೆಯಾಗುತ್ತದೆ, ತ್ರಿಭುಜ ಜಗ್ಗುವುದಿಲ್ಲ. ಕುಸಿದ ಸೇತುವೆಯ ಅಂಚಿಗೆ ಇದ್ದದ್ದು ಗಾಳಿಗೆ ಗೋಡೆಯಂತೆ ನಿಂತ, ಸುಮಾರು 2.4 ಮೀಟರ್ ಎತ್ತರದ ಉಕ್ಕಿನ ಹಲಗೆ. 1950ರಲ್ಲಿ ಅದೇ ಸ್ಥಳದಲ್ಲಿ ತೆರೆದ ಹೊಸ ಸೇತುವೆಗೆ ಸುಮಾರು 10 ಮೀಟರ್ ಎತ್ತರದ, ಗಾಳಿ ನುಸುಳಿ ಹೋಗುವ ತ್ರಿಭುಜಗಳ ಜಾಲರಿಯನ್ನು ಕೂಡಿಸಿದರು.