‘ಸಮೋಷ್ಣ ಮಂಡಲ’ ಎಷ್ಟು ಸಮೋಷ್ಣ?

ಪ್ರೌಢಶಾಲೆಯ ಪಾಠಗಳಲ್ಲಿ ವಾಯುಮಂಡಲದ ಚಿತ್ರವೊಂದು ತಪ್ಪದೆ ಇರುತ್ತದೆ. ಕೆಳಗಿನಿಂದ ಮೇಲಕ್ಕೆ ಪರಿವರ್ತನ ಮಂಡಲ, ಸಮೋಷ್ಣ ಮಂಡಲ, ಮಧ್ಯಂತರ ಮಂಡಲ, ಉಷ್ಣತಾ ಮಂಡಲ, ಬಾಹ್ಯ ಮಂಡಲ ಎಂದು ಐದು ಪಟ್ಟಿಗಳು. ಎರಡನೆಯ ಪಟ್ಟಿಯಲ್ಲಿ ಒಂದು ಜೆಟ್ ವಿಮಾನ. ಈ ಚಿತ್ರವನ್ನು ನೀವು ಕಲಿತಿದ್ದೀರಿ, ಬಹುಶಃ ಕಲಿಸಿಯೂ ಇದ್ದೀರಿ. ಇದರಲ್ಲಿ ಎರಡು ತೊಡಕುಗಳಿವೆ. ಒಂದು ಹೆಸರಿನದು, ಇನ್ನೊಂದು ಆ ವಿಮಾನದ್ದು.

ಮೊದಲು ಹೆಸರು. ಸಮೋಷ್ಣ ಎಂದರೆ ತಾಪ ಒಂದೇ ಸಮನಾಗಿರುವುದು. ಆದರೆ ಈ ಪದರದ ಬುಡದಲ್ಲಿ ತಾಪ ಸೊನ್ನೆಗಿಂತ 50 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಕೆಳಗಿದ್ದರೆ, ಸುಮಾರು 50 ಕಿ.ಮೀ. ಎತ್ತರದ ತುದಿಯಲ್ಲಿ ಸೊನ್ನೆಯ ಸಮೀಪಕ್ಕೆ ಬಂದಿರುತ್ತದೆ. ಇಷ್ಟು ಏರುವುದನ್ನು ‘ಸಮ’ ಎನ್ನುವುದು ಹೇಗೆ? ಹೆಸರಿಗೆ ಕಾರಣ ಚರಿತ್ರೆಯಲ್ಲಿದೆ. ಫ್ರಾನ್ಸಿನ ತೆಸರಾಂ ದ ಬೋರ್ ಪ್ಯಾರಿಸ್ ಬಳಿಯ ತ್ರಾಪ್‌ನಿಂದ ಇನ್ನೂರಕ್ಕೂ ಹೆಚ್ಚು ಬಲೂನುಗಳನ್ನು ಹಾರಿಸಿ, ಸುಮಾರು 11 ಕಿ.ಮೀ. ದಾಟಿದ ಮೇಲೆ ತಾಪ ಇಳಿಯುವುದು ನಿಲ್ಲುತ್ತದೆಂದು 1902ರಲ್ಲಿ ಪ್ರಕಟಿಸಿದರು. ಬಿಸಿಲಿಗೆ ತಾಪಮಾಪಕವೇ ಕಾಯುತ್ತಿರಬಹುದೆಂಬ ಸಂಶಯದಿಂದ ರಾತ್ರಿಯೂ ಬಲೂನು ಬಿಟ್ಟಿದ್ದರು. ಆ ಬಲೂನುಗಳು ಏರಿದಷ್ಟು ಎತ್ತರಕ್ಕೆ ‘ಸಮತಾಪ ಪದರ’ ಎಂಬ ವರ್ಣನೆ ಸರಿಯಾಗಿಯೇ ಇತ್ತು. ಮುಂದೆ ಅವರೇ ಅದನ್ನು ಸ್ಟ್ರಾಟೋಸ್ಫಿಯರ್, ಅಂದರೆ ಸ್ತರಗಳ ಮಂಡಲ, ಎಂದು ಕರೆದರು. ಯೂರೋಪು ಬಿಟ್ಟ ಹೆಸರನ್ನು ನಾವು ಇಂದಿಗೂ ಹಿಡಿದುಕೊಂಡಿದ್ದೇವೆ. ‘ಪರಿವರ್ತನ ಮಂಡಲ’ ಎಂಬುದಾದರೋ ಒಳ್ಳೆಯ ಹೆಸರು. ಗಾಳಿ ಮಗುಚುತ್ತಿರುವ ಪದರವೆಂಬ ಮೂಲದ ಅರ್ಥ ಅದರಲ್ಲಿ ಉಳಿದಿದೆ.

ಹೆಸರು ಹೆಸರಷ್ಟೇ, ಅದರಿಂದೇನು ಎಂದು ನೀವು ಕೇಳಬಹುದು. ‘ಆಮ್ಲಜನಕ’ವೂ ಲವಾಸಿಯೆಯ ತಪ್ಪು ಊಹೆಯಿಂದ ಬಂದ ಹೆಸರಲ್ಲವೆ? ನಿಜ. ಆದರೆ ಆ ಹೆಸರು ಯಾವ ವಿದ್ಯಾರ್ಥಿಯ ಉತ್ತರವನ್ನೂ ಕೆಡಿಸಿದಂತಿಲ್ಲ. ‘ಸಮೋಷ್ಣ’ ಕೆಡಿಸುತ್ತದೆ. ಈ ಪದರದಲ್ಲಿ ಮೇಲೆ ಹೋದಂತೆ ತಾಪ ಏನಾಗುತ್ತದೆಂದು ಪದವಿ ತರಗತಿಯಲ್ಲಿ ಕೇಳಿನೋಡಿ. ಹೆಸರನ್ನೇ ಬಿಡಿಸಿ ‘ಬದಲಾಗುವುದಿಲ್ಲ’ ಎನ್ನುವವರು ಸಿಕ್ಕೇ ಸಿಗುತ್ತಾರೆ. ಹಾಗೆಂದವರಿಗೆ ಏಕೆ ಏರುತ್ತದೆ ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ.

ಭೌತವಿಜ್ಞಾನವೆಲ್ಲ ಇರುವುದು ಆ ‘ಏಕೆ’ಯಲ್ಲಿ. ಓಝೋನ್ ಅತಿನೇರಿಳೆ ಕಿರಣಗಳನ್ನು ಹೀರಿ ಸುತ್ತಲಿನ ಗಾಳಿಯನ್ನು ಕಾಯಿಸುತ್ತದೆ. ಮೇಲೆ ಬಿಸಿ, ಕೆಳಗೆ ತಂಪು. ಇಂಥ ಗಾಳಿ ಮಗುಚುವುದಿಲ್ಲ. ಮೇಲಕ್ಕೆ ತಳ್ಳಿದ ಗಾಳಿ ಸುತ್ತಲಿನದಕ್ಕಿಂತ ತಂಪಾಗಿ, ಭಾರವಾಗಿ ಹಿಂದಿರುಗುತ್ತದೆ. ಅಲ್ಲಿ ಮಳೆಯೂ ಇಲ್ಲ. ಆದ್ದರಿಂದ ಅಲ್ಲಿ ಸೇರಿದ್ದು ಬೇಗ ಹೊರಬೀಳದು. 1991ರ ಜೂನ್‌ನಲ್ಲಿ ಫಿಲಿಪ್ಪೀನ್ಸ್‌ನ ಪಿನಾಟುಬೊ ಜ್ವಾಲಾಮುಖಿ ಸುಮಾರು ಒಂದೂವರೆಯಿಂದ ಎರಡು ಕೋಟಿ ಟನ್ ಸಲ್ಫರ್ ಡೈಆಕ್ಸೈಡನ್ನು ಅಷ್ಟು ಎತ್ತರಕ್ಕೆ ಎಸೆಯಿತು. ಅದರಿಂದಾದ ಸಲ್ಫೇಟ್ ಕಣಗಳ ಮುಸುಕು ಒಂದೆರಡು ವರ್ಷ ಉಳಿದು, ಭೂಮಿಯ ಸರಾಸರಿ ತಾಪವನ್ನು ಅರ್ಧ ಡಿಗ್ರಿಯಷ್ಟು ಇಳಿಸಿತು. ಅದೇ ಅನಿಲ ಪರಿವರ್ತನ ಮಂಡಲದಲ್ಲೇ ಉಳಿದಿದ್ದರೆ ಬಹುಪಾಲು ಕೆಲವೇ ವಾರಗಳಲ್ಲಿ ಮಳೆಯೊಡನೆ ನೆಲಕ್ಕಿಳಿಯುತ್ತಿತ್ತು.

ಇದೇ ಸಂಗತಿ ಸಣ್ಣ ಪ್ರಮಾಣದಲ್ಲಿ ನೆಲದ ಹತ್ತಿರವೂ ನಡೆಯುತ್ತದೆ. ಚಳಿಗಾಲದ ರಾತ್ರಿ ನೆಲ ಬೇಗ ತಣಿದು, ತಂಪು ಗಾಳಿಯ ಮೇಲೆ ಬಿಸಿ ಗಾಳಿ ಮುಚ್ಚಳದಂತೆ ಕೂರುತ್ತದೆ. ದೆಹಲಿಯ ಹೊಗೆ ಆಗ ಕೆಲವು ನೂರು ಮೀಟರ್‌ಗಳೊಳಗೇ ಸಿಕ್ಕಿಕೊಳ್ಳುತ್ತದೆ. ಪದರಗಳನ್ನು ಒಂದು ಪಾಠದಲ್ಲಿ, ಮಾಲಿನ್ಯವನ್ನು ಮತ್ತೊಂದರಲ್ಲಿ, ಆಕ್ಸಿಜನ್ ಚಕ್ರವನ್ನು ಮೂರನೆಯದರಲ್ಲಿ ಇಟ್ಟಿರುವ ನಮ್ಮ ಕ್ರಮದಲ್ಲಿ ಈ ನಂಟು ಕಾಣುವುದೇ ಇಲ್ಲ. ಓಝೋನ್ ಆಗುವುದು ಆಕ್ಸಿಜನ್‌ನಿಂದ. ಗಾಳಿಗೆ ಆಕ್ಸಿಜನ್ ಬಂದದ್ದು ದ್ಯುತಿಸಂಶ್ಲೇಷಣೆಯಿಂದ, ಅದು ಗಣನೀಯವಾಗಿ ಸೇರತೊಡಗಿದ್ದು ಸುಮಾರು 240 ಕೋಟಿ ವರ್ಷಗಳ ಹಿಂದೆ. ಅಂದರೆ 50 ಕಿ.ಮೀ. ಎತ್ತರದ ಆ ಬಿಸಿ ಜೀವಿಗಳ ಕೊಡುಗೆ! ಮಂಗಳದಲ್ಲಾಗಲಿ ಶುಕ್ರದಲ್ಲಾಗಲಿ ಓಝೋನ್‌ನಿಂದ ಕಾಯುವ ಇಂಥ ಪದರವಿಲ್ಲ.

ಇನ್ನು ವಿಮಾನ. ಪ್ರಯಾಣಿಕ ಜೆಟ್‌ಗಳು ಸಾಮಾನ್ಯವಾಗಿ ಹಾರುವುದು 10ರಿಂದ 12 ಕಿ.ಮೀ. ಎತ್ತರದಲ್ಲಿ. ಪರಿವರ್ತನ ಮಂಡಲದ ಮೇಲ್ಗಡಿ ಧ್ರುವಗಳ ಬಳಿ 8-9 ಕಿ.ಮೀ., ಪ್ಯಾರಿಸ್‌ನ ಅಕ್ಷಾಂಶದಲ್ಲಿ 11 ಕಿ.ಮೀ. ಆಸುಪಾಸು. ಆದರೆ ಕರ್ನಾಟಕದ ಮೇಲೆ ಅದು 16-17 ಕಿ.ಮೀ.ನಲ್ಲಿದೆ. ಆದ್ದರಿಂದ ಬೆಂಗಳೂರಿನಿಂದ ದೆಹಲಿಗೆ ಹೊರಟ ವಿಮಾನ ದಾರಿಯಲ್ಲೆಲ್ಲೂ ‘ಸಮೋಷ್ಣ’ ಮಂಡಲವನ್ನು ಮುಟ್ಟುವುದಿಲ್ಲವೆಂದೇ ಹೇಳಬೇಕು. ಮುಂಗಾರಿನ ದೈತ್ಯ ಮೋಡಗಳ ತಲೆ ಅದಕ್ಕಿಂತ ಎತ್ತರಕ್ಕೆ ಏರುವುದರಿಂದಲೇ ಪೈಲಟ್‌ಗಳು ಅವನ್ನು ಸುತ್ತಿಕೊಂಡು ಹೋಗಬೇಕಾಗುತ್ತದೆ. ಇನ್ನೊಂದು ವಿಚಿತ್ರ: ನಮ್ಮ ತಲೆಯ ಮೇಲಿನ ಆ ಗಡಿಯಲ್ಲಿ ತಾಪ ಸೊನ್ನೆಗಿಂತ ಸುಮಾರು 80 ಡಿಗ್ರಿ ಕೆಳಗಿದ್ದು, ಅಲ್ಲಿಂದ ಕೂಡಲೇ ಏರತೊಡಗುತ್ತದೆ. ಪ್ಯಾರಿಸ್‌ನಲ್ಲಿ ಕಂಡ ಸಮತಾಪದ ಭಾಗ ನಮ್ಮಲ್ಲಿ ಇಲ್ಲವೇ ಇಲ್ಲ ಎನ್ನಬಹುದು.

ಹೆಸರು ಬದಲಾಗಲು ಕಾಲ ಬೇಕು. ‘ಸ್ತರಮಂಡಲ’ ಎನ್ನಲು ಯಾರ ಅಪ್ಪಣೆಯೂ ಬೇಡ. ಅಲ್ಲಿಯವರೆಗೆ ಪಟ್ಟಿಗಳ ಚಿತ್ರದ ಬದಲು ಗ್ರಾಫ್ ಕಾಗದ ಕೊಡಿ. ಅಡ್ಡಕ್ಕೆ ತಾಪ, ಲಂಬಕ್ಕೆ ಎತ್ತರ. ಪ್ಯಾರಿಸ್‌ಗೊಂದು ಗೆರೆ, ಬೆಂಗಳೂರಿಗೊಂದು ಗೆರೆ ಎಳೆಸಿ, ವಿಮಾನವನ್ನು ಎಲ್ಲಿಡಬೇಕೆಂದು ಮಕ್ಕಳನ್ನೇ ಕೇಳಿ.